ರಕ್ತ ಪರೀಕ್ಷೆಯ ಉಪವಾಸ

ನಮ್ಮ ಸೋದರಮಾವನಷ್ಟು ಉಪವಾಸ ಮಾಡಿ, ನಮ್ಮ ಸೋದರಮಾವನಷ್ಟೇ ದಪ್ಪಗಿದ್ದ ಇನ್ನೊಬ್ಬರನ್ನು ಬಳ್ಳಾರಿ ಜಿಲ್ಲೆಯಲ್ಲಿ ಯಾರಾದರೂ ತೋರಿಸಿ ನೋಡೋಣ! ಸೋಮವಾರ ಶಿವನಿಗೆ, ಗುರುವಾರ ಗುರುವಿಗೆ, ಶನಿವಾರ ಯಾವುದಕ್ಕೂ ಇರಲಿ ಎಂದು ಹನುಮಂತನಿಗೆ. ಅನ್ನ, ರೊಟ್ಟಿ ಮುಟ್ಟದಿದ್ದರೆ ಸಾಕು, ನಮ್ಮ ಕಡೆ ಅದು ಉಪವಾಸವೇ. ಹಾಗಾಗಿ ಆ ದಿನಗಳಲ್ಲಿ ಸತ್ಯನಾರಾಯಣಪೇಟೆಯ ಅವರ ಮನೆಯಲ್ಲಿ ಸಾಬೂದಾಣಿ ಖಿಚಡಿ, ಶೇಂಗಾ ಉಂಡೆ, ಬಾಳೆಹಣ್ಣು, ಗಟ್ಟಿ ಹಾಲು ನಡೆಯುತ್ತಿತ್ತು. ಉಪವಾಸವಿಲ್ಲದ ದಿನ, ಪಾಪ, ಬರೀ ಊಟ!

ಮಾವ ಉಣ್ಣದೆ ಅತ್ತೆ ಉಣ್ಣುತ್ತಿರಲಿಲ್ಲ. ಕುರುಗೋಡಿನಿಂದ ಮದುವೆಯಾಗಿ ಬಂದಂದಿನಿಂದ ಅದೊಂದು ನೇಮ. ಮಾವ ಹತ್ತಿ ವ್ಯಾಪಾರಕ್ಕೆ ಸಿರುಗುಪ್ಪಕ್ಕೆ ಹೋಗಿ ಬಸ್ಸು ತಪ್ಪಿಸಿಕೊಂಡರೆ ನಿಜವಾದ ಉಪವಾಸ ಅತ್ತೆಯದು. "ಉಂಡು ಮಕ್ಕೊಳ್ಳಾಕ ಏನಾಗಿತ್ತ ನಿನಗ?" ಎಂದು ಮಾವ ಬೈಯುತ್ತಿದ್ದರು. ಬೈದು, ಹೊರಗೆ ಉಂಡು ಬಂದಿದ್ದರೂ ಮತ್ತೆ ತಟ್ಟೆಯ ಮುಂದೆ ಕೂರುತ್ತಿದ್ದರು. ಅವರ ಹೊಟ್ಟೆಗೆ ಅರ್ಧ ಕಾರಣ ಇದೇ ಎಂದು ನನ್ನ ಗುಮಾನಿ.

ಎಪ್ಪತ್ತರ ದಶಕದ ಕೊನೆಗೆ ಮಾವನ ಕಾಲಿನ ಹೆಬ್ಬೆರಳಿಗೆ ಒಂದು ಗಾಯವಾಯಿತು. ಒಣಗಲೇ ಇಲ್ಲ. ಡಾಕ್ಟರು ಒಮ್ಮೆ ರಕ್ತ ತೆಗೆಸಿ ನೋಡಿ ತಲೆ ಕೆರೆದುಕೊಂಡರು.

"ಹೊಟ್ಟಿ, ಬಿ.ಪಿ., ಸಕ್ರಿ, ರಕ್ತದಾಗಿನ ಕೊಬ್ಬು, ನಾಲ್ಕೂ ಒಂದಾಗ್ಯಾವ. ಸಕ್ರಿ ಇಳೀದಿದ್ರ ಕಾಲು ಉಳಿಯಂಗಿಲ್ರಿ. ನಾಳೆ ಉಪವಾಸ ಬಂದು ಮತ್ತ ರಕ್ತ ಕೊಡ್ರಿ."

ಉಪವಾಸ! ನಮ್ಮ ಮಾವನಿಗೆ ಅದನ್ನೂ ಹೇಳಿಕೊಡಬೇಕೆ? ಪ್ರತಿ ಸಲವೂ ಉಪವಾಸವಿದ್ದೇ ರಕ್ತ ಕೊಟ್ಟರು. ಪ್ರತಿ ಸಲವೂ ಸಕ್ಕರೆ ಏರಿತು, ಡಾಕ್ಟರು ಗುಳಿಗೆ ಏರಿಸಿದರು. ಕೊನೆಗೆ ಕೌಲ್ ಬಜಾರಿನ ಲ್ಯಾಬಿನವನೇ ಗಾಜಿನ ನಳಿಗೆಯನ್ನು ಬೆಳಕಿಗೆ ಹಿಡಿದ. ಕೆಳಗೆ ಕೆಂಪು, ಮೇಲೆ ಬೆಳ್ಳಗೆ.

"ಏನ್ರಿ ಸಾಹೇಬ್ರ, ರಕ್ತ ಕೊಟ್ಟೀರೋ, ಹಾಲು ಕೊಟ್ಟೀರೋ? ಖರೇನ ಉಪವಾಸ ಅದೀರಿಲ್ಲೋ?"

"ಶಿವನಾಣಿ ಅದೀನ್ರಿ! ಖಿಚಡಿ ಬಿಟ್ರ ಏನೂ ಮುಟ್ಟಿಲ್ಲ. ಮ್ಯಾಲ ಒಂದೀಟು ಉಂಡಿ, ಹಾಲು."

ಸುದ್ದಿ ಕೇಳಿ ಡಾಕ್ಟರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. "ನೀರು ಬಿಟ್ಟು ಏನೂ ತಗೋಬ್ಯಾಡ್ರಿ" ಎಂದರು.

"ಬರೀ ನೀರಾ? ಎಮ್ಮಿಗೂ ಮೇವು ಹಾಕ್ತಾರಲ್ರಿ!" ಎಂದು ಮಾವ ಮುನಿಸಿಕೊಂಡರು.

ಮುಂದಿನ ಸಲ ಮಾವ ಖಾಲಿ ಹೊಟ್ಟೆಯಲ್ಲೇ ಹೋದರು. ಮನೆಯಲ್ಲಿ ಅತ್ತೆಯೂ ಖಾಲಿ ಹೊಟ್ಟೆಯಲ್ಲಿದ್ದರು. ಇನ್ನೇನು ಸಕ್ಕರೆ ಇಳಿಯಿತು ಎಂದೇ ನಾವೆಲ್ಲ ನಂಬಿದ್ದೆವು. ಇಳಿದಿರಲಿಲ್ಲ! ಬರೀ ಖಿಚಡಿಯ ತಪ್ಪಾಗಿದ್ದರೆ ಎಷ್ಟು ಚೆನ್ನಾಗಿತ್ತು! ಈಗಿನ ಡಾಕ್ಟರುಗಳು ರಕ್ತ ನೋಡಿ ಮೈಯೊಳಗೆ ಎಷ್ಟು ತುಕ್ಕು ಹಿಡಿದಿದೆ ಎಂದೂ ಹೇಳುತ್ತಾರಂತೆ. ಆಗ ನಮಗೆ ಕಂಡದ್ದು ನಳಿಗೆಯ ಆ ಬಿಳುಪು, ಆಮೇಲೆ ಬೆರಳಿನ ಕಪ್ಪು, ಅಷ್ಟೇ. ಕಪ್ಪು ಪಾದಕ್ಕೆ ಹತ್ತಿತು. ಮನೆಯಲ್ಲಿ ಯಾರೂ ನಗಲಿಲ್ಲ.

ಕಾಲು ತೆಗೆಯುವ ದಿನ ನೀರನ್ನೂ ಕೊಡಬಾರದು ಎಂದಿದ್ದರು. ಅತ್ತೆ ಆಸ್ಪತ್ರೆಯ ವರಾಂಡದಲ್ಲಿ ಬುತ್ತಿಯ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು, ಮುಚ್ಚಳ ತೆಗೆದಿರಲಿಲ್ಲ. ಒಳಗೆ ಸ್ಟ್ರೆಚರಿನ ಮೇಲೆ ಮಲಗಿದ್ದ ಮಾವ ನನ್ನನ್ನು ಹತ್ತಿರ ಕರೆದರು.

"ಲೇ, ನಾನು ಉಂಡೀನಿ ಅಂತ ನಿಮ್ಮತ್ತಿಗ ಹೇಳು. ಡಾಕ್ಟ್ರೇ ಉಣ್ಣಂದ್ರು ಅಂತ ಹೇಳು. ಇಲ್ಲಂದ್ರ ಹಂಗ ಕುಂದರ್ತಾಳಾಕಿ."

ಹೋಗಿ ಹೇಳಿದೆ.

"ಏನುಂಡ್ರು?"

"ಉಪ್ಪಿಟ್ಟು, ಅತ್ತಿ. ಆಸ್ಪತ್ರಿದು."

"ಉಪ್ಪು ಖಾರ ಸರಿ ಇತ್ತಂತೇನು? ಹೊಟ್ಟಿ ತುಂಬ ಉಂಡ್ರಾ?"

"ಹೊಟ್ಟಿ ತುಂಬ."

ಅತ್ತೆ ಡಬ್ಬಿ ತೆರೆದು ತಲೆ ತಗ್ಗಿಸಿ ಉಂಡರು. ಒಳಗೆ ಮಾವನ ಎದೆ ತಡೆಯಲಿಲ್ಲ. ಅವರು ಜೀವಂತವಾಗಿ ಹೊರಗೆ ಬರಲಿಲ್ಲ.

ಮಾತಾಡಿಸಲು ಬಂದವರಿಗೆಲ್ಲ ಅತ್ತೆ ಒಂದೇ ಮಾತು ಹೇಳುತ್ತಿದ್ದರು. "ಅದೊಂದು ಪುಣ್ಯಾ ಮಾಡಿದ್ದೆ ನೋಡ್ರಿ. ಹಸದು ಹೋಗಲಿಲ್ಲ ಅವರು. ಹೊಟ್ಟಿ ತುಂಬ ಉಂಡು ಹೋದ್ರು." ಆಮೇಲೆ ನನ್ನ ಕಡೆ ತಿರುಗುತ್ತಿದ್ದರು.

"ಹೌದಿಲ್ಲೇನಪಾ?"

"ಹೌದತ್ತಿ" ಎನ್ನುತ್ತಿದ್ದೆ.