ಸ್ಕೀ ಬಿಟ್ಟರೂ ನಾನು ಬಿಡಲಿಲ್ಲ

ಮೊಮ್ಮಕ್ಕಳನ್ನು ಆಡಿಸುವ ವಯಸ್ಸಿನಲ್ಲಿ ಕಾಲಿಗೆ ಹಲಗೆ ಕಟ್ಟಿ ಹಿಮದ ಮೇಲೆ ಜಾರುವ ಸ್ಕೀ ಕಲಿಯಲು ಹೊರಟವಳಿಗೆ ಲಂಡನ್ನಿನಲ್ಲೂ ಬುದ್ಧಿಮಾತು ತಪ್ಪುವುದಿಲ್ಲ. ಫೆಲ್ಥಮ್‌ನ ನಮ್ಮ ಮನೆಯಲ್ಲಿ ಯಾರೂ ಒಪ್ಪಲಿಲ್ಲ. ಮಗಳು, "ಮಮ್ಮಿ, ನೋ," ಎಂದಳು. ಏರ್‌ಪೋರ್ಟಿನ ಅಡುಗೆಮನೆಯಲ್ಲಿ ಇಷ್ಟು ವರ್ಷ ನಿಂತೇ ದುಡಿದ ಕಾಲು ನನ್ನದು. ಅದನ್ನು ಎಲ್ಲಿಗೆ ಒಯ್ಯಬೇಕೆಂದು ಬೇರೆಯವರನ್ನು ಯಾಕೆ ಕೇಳಲಿ? ಹೋಗಿ ಹೆಸರು ಕೊಟ್ಟು ಬಂದೆ. ನನ್ನ ಮೇಲೆ ಕಣ್ಣಿಡಲು ಗಂಡನೂ ತಮ್ಮ ಹೆಸರು ಕೊಟ್ಟರು.

ತೂಕ

ಸ್ಕೀ ಅಂಗಡಿಯವನು ಮೊದಲು ವಯಸ್ಸು, ಎತ್ತರ, ತೂಕ ಕೇಳಿದ. ಬೂಟನ್ನು ಸ್ಕೀಗೆ ಹಿಡಿದಿಡುವ ಬೈಂಡಿಂಗನ್ನು ಅದರ ಪ್ರಕಾರ ಹೊಂದಿಸಬೇಕಂತೆ. ಸಡಿಲವಾದರೆ ಸುಮ್ಮಸುಮ್ಮನೆ ಬಿಚ್ಚುತ್ತದೆ. ಬಿಗಿಯಾದರೆ ಬಿದ್ದಾಗಲೂ ಬಿಚ್ಚದೆ ಕಾಲು ತಿರುಚುತ್ತದೆ.

"ಎಪ್ಪತ್ತೆಂಟು ಕಿಲೋ," ಎಂದೆ, ಅಂಗಡಿಗೆಲ್ಲ ಕೇಳುವ ಹಾಗೆ.

"ಸ್ವಲ್ಪ ಕಮ್ಮಿ ಹೇಳು ಮಾರಾಯ್ತಿ, ಜನ ಇದ್ದಾರೆ," ಎಂದರು ಗಂಡ.

"ಕಾಲು ಮುರಿದರೆ ಜನ ಬಂದು ಬಟ್ಟೆ ಒಗೀತಾರಾ?"

ಆಮೇಲೆ ಅವರ ಸರದಿ. ಪಾದ್ರಿಯ ಹತ್ತಿರ ಪಾಪ ಹೇಳಿಕೊಳ್ಳುವವರ ಹಾಗೆ ಬಗ್ಗಿ, ಅಂಗಡಿಯವನ ಕಿವಿಯಲ್ಲಿ ಏನೋ ಪಿಸುಗುಟ್ಟಿದರು. ಅವನು ಅವರ ಹೊಟ್ಟೆ ನೋಡಿ, "ಈಗ ನಿಜವಾದದ್ದು ಹೇಳಿ ಸರ್," ಎಂದ.

ಮೊದಲ ಸಲ ಬಿದ್ದದ್ದು

ನಮ್ಮ ಕ್ಲಾಸು ಹಿಮದ ಬದಲು ಬ್ರಷ್ಷಿನಂಥ ಚಾಪೆ ಹಾಸಿದ ಗುಡ್ಡದ ಮೇಲೆ. ಒಂದು ತಿರುವಿನಲ್ಲಿ ಅಡ್ಡಬಿದ್ದೆ. ಬೈಂಡಿಂಗ್ ಟಪ್ಪೆಂದು ಬಿಟ್ಟಿತು. ಸ್ಕೀ ಒಂದು ಕಡೆ, ನಾನೊಂದು ಕಡೆ. ಕಾಲಿಗೆ ಏನೂ ಆಗಿರಲಿಲ್ಲ.

ಗಂಡ ಓಡಿ ಬಂದು, "ಬಿಚ್ಚಿಯೇ ಹೋಯ್ತಲ್ಲ. ಇದು ಹಾಳು ಮಾಲು, ವಾಪಸ್ ಕೊಡುವ," ಎಂದರು.

"ಅದರ ಕೆಲಸವೇ ಅದು. ಬಿಡಬೇಕಾದಾಗ ಬಿಡುತ್ತದೆ. ನೀವು ಮದುವೆಯಾದಾಗಿನಿಂದ ಒಂದು ಮಾತನ್ನಾದರೂ ಬಿಟ್ಟದ್ದುಂಟಾ?"

ಅವರು ಹೋಗಿ ನನ್ನ ಸ್ಕೀ ಎತ್ತಿ ತಂದರು. ನಾನು ಎದ್ದು, ಮೇಲೆ ಹತ್ತಿ ಮತ್ತೆ ಇಳಿದೆ.

ಬುದ್ಧಿಮಾತು

ಮೊನ್ನೆ ಟೂಟಿಂಗ್‌ನ ನಮ್ಮೂರ ಹೋಟೆಲೊಂದರಲ್ಲಿ ಮಸಾಲೆ ದೋಸೆ ತಿನ್ನುತ್ತಿದ್ದಾಗ ನಮ್ಮ ಪರಿಚಯದ ಬೆಂಗಳೂರಿನ ಐಟಿ ಯುವಕ ಊರುಗೋಲು ಹಿಡಿದು ಬಂದ. ಮೊಣಕಾಲಿಗೆ ಪಟ್ಟಿ. ಆಲ್ಪ್ಸ್‌ಗೆ ಹೋಗಿದ್ದನಂತೆ. ಗೆಳೆಯರ ಮುಂದೆ ಪದೇಪದೇ ಸ್ಕೀ ಕಳಚಿ ಮರ್ಯಾದೆ ಹೋಯಿತೆಂದು, ತಾನೇ ಸ್ಕ್ರೂಡ್ರೈವರ್ ಹಿಡಿದು ಬೈಂಡಿಂಗ್ ಪೂರ್ತಿ ಬಿಗಿ ಮಾಡಿಕೊಂಡನಂತೆ. ಆಮೇಲೆ ಬಿದ್ದಾಗ ಸ್ಕೀ ಬಿಡಲಿಲ್ಲ, ಮೊಣಕಾಲು ಬಿಟ್ಟಿತು.

ಅವನಿಗೆ ಕುರ್ಚಿ ಎಳೆದು ಕೊಟ್ಟೆ. ಕಾಫಿಯನ್ನೂ ನಾನೇ ತಂದಿಟ್ಟೆ. ಕುಡಿಯುತ್ತ ಹೇಳಿದ: "ಆಂಟಿ, ನೀವೂ ಸ್ಕೀ ಕಲೀತಿದೀರಂತೆ. ಬೇಡ, ಬಿಟ್ಬಿಡಿ. ಈ ವಯಸ್ಸಲ್ಲಿ ಅದೆಲ್ಲ ಆಗಲ್ಲ."

"ಹೌದು ಮಗಾ," ಎಂದೆ. "ನಿನ್ನ ವಯಸ್ಸಿನಲ್ಲಿ ಆಗುವುದಿಲ್ಲ. ಅರವತ್ತು ತುಂಬಲಿ, ಬಾ, ನಾನೇ ಕಲಿಸುತ್ತೇನೆ."