ಸ್ಟೋರ್ ಕೀಪರ್ ಸಾಹೇಬರ ಹಾರ್ಡ್ ಡಿಸ್ಕ್

ಲಕ್ಷ್ಮೀಪುರಂನಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿರುವ ನಾನು ನಗುವುದಕ್ಕೆಂದು ಟಿಕೆಟ್ ತೆಗೆದುಕೊಂಡು ಎಲ್ಲಿಗೂ ಹೋಗಬೇಕಾಗಿಲ್ಲ. ನಗೆ ತಾನಾಗಿಯೇ ಕಂಪ್ಯೂಟರ್ ಹೊತ್ತುಕೊಂಡು ಮೆಟ್ಟಿಲು ಹತ್ತಿ ಬರುತ್ತದೆ. ಆದರೆ ಹಿನಕಲ್‌ನ ಈ ಗಿರಾಕಿಯನ್ನು ನೆನೆದು ನಕ್ಕಾಗಲೆಲ್ಲ ಹಿಂದೆಯೇ ‘ಛೇ, ಹಾಗಾಗಬಾರದಿತ್ತು’ ಅನ್ನಿಸುತ್ತದೆ. ಅವರು ಕಡಕೊಳದ ಕಾರ್ಖಾನೆಯೊಂದರಲ್ಲಿ ಸ್ಟೋರ್ ಕೀಪರ್ ಆಗಿ ನಿವೃತ್ತರಾದವರು. ಯಾವುದೇ ವಸ್ತು ತನ್ನ ಜಾಗದಲ್ಲಿಲ್ಲದಿದ್ದರೆ ಅವರಿಗೆ ಊಟ ಸೇರುವುದಿಲ್ಲ.

ಕೆಂಪು ಚೌಕಗಳು

ಮೊದಲ ಸಲ ಬಂದದ್ದು ಕಂಪ್ಯೂಟರ್ ನಿಧಾನವಾಗಿದೆ ಅಂತ. ತಿರುಗುವ ಡಿಸ್ಕಿನ ಹಳೆಯ ಪೆಟ್ಟಿಗೆ. ನಾನು ಹೇಳಿದೆ: “ಸಾರ್, ಇದು ಒಂದೇ ಫೈಲನ್ನ ಚೂರು ಚೂರು ಮಾಡಿ, ಎಲ್ಲೆಲ್ಲಿ ಜಾಗ ಖಾಲಿ ಇದೆಯೋ ಅಲ್ಲಲ್ಲಿ ತುರುಕಿರುತ್ತೆ. ಹುಡುಕೋಕೆ ಹೊತ್ತಾಗುತ್ತೆ.”

ಅವರ ಮುಖ ಕೆಂಪಾಯಿತು. “ಒಂದೇ ಐಟಮ್ಮು ಹತ್ತು ರ‍್ಯಾಕಲ್ಲಾ? ಯಾವನ್ರೀ ಇದಕ್ಕೆ ಸ್ಟೋರ್ ಇನ್‌ಚಾರ್ಜು?”

ಚೂರುಗಳನ್ನು ಒಟ್ಟಿಗೆ ಜೋಡಿಸುವ ಡಿಫ್ರಾಗ್ ಸಾಫ್ಟ್‌ವೇರ್ ಓಡಿಸಿದೆ. ಪರದೆಯ ಮೇಲಿನ ಕೆಂಪು ಚೌಕಗಳು ಒಂದೊಂದಾಗಿ ನೀಲಿಯಾಗುವುದನ್ನು ನೋಡುತ್ತಾ ಕುರ್ಚಿ ಎಳೆದುಕೊಂಡು ಕೂತವರು ಏಳಲೇ ಇಲ್ಲ. ಊಟಕ್ಕೆ ಕರೆಯಲು ಮನೆಯಿಂದ ಫೋನು ಬಂತು. “ಇರು ಕಣೇ, ಇನ್ನೂ ಕೆಂಪು ಉಳಿದೈತೆ!” ಅಂತ ಕಟ್ ಮಾಡಿದರು. ಆಮೇಲೆ ಮನೆಯಲ್ಲಿ ದಿನಾ ಸಂಜೆ ಅದನ್ನೇ ಓಡಿಸಿ ನೋಡತೊಡಗಿದರಂತೆ. ಟಿವಿಯ ಕೇಬಲ್ ತೆಗೆಸಿಬಿಟ್ಟರು.

ಆಯುಧಪೂಜೆ

ಆಯುಧಪೂಜೆಯ ಮಾರನೆಯ ದಿನ ಕಂಪ್ಯೂಟರ್ ಕೆಟ್ಟಿದೆಯೆಂದು ಗಂಡ ಹೆಂಡತಿ ಇಬ್ಬರೂ ಬಂದರು. ಪೆಟ್ಟಿಗೆ ಬಿಚ್ಚಿದರೆ ಒಳಗೆ ಹಾರ್ಡ್ ಡಿಸ್ಕಿಗೆ ವಿಭೂತಿ, ಮದರ್‌ಬೋರ್ಡಿಗೆ ಕುಂಕುಮ, ಫ್ಯಾನಿನಲ್ಲಿ ಸೇವಂತಿಗೆ ಎಸಳು.

“ಸಾರ್, ಪೂಜೆ ಹೊರಗಡೆ ಮಾಡಬಾರದಿತ್ತಾ?”

“ಕೆಲ್ಸ ಮಾಡೋದು ಒಳಗೆ ಕಣಪ್ಪ. ಹೊರಗಿನ ಡಬ್ಬಕ್ಕೆ ಯಾಕೆ ಪೂಜೆ?”

ನಾನು ಬ್ರಷ್ಷಿನಿಂದ ಕುಂಕುಮ ಕೊಡವುತ್ತಿದ್ದಾಗ ಅವರ ಹೆಂಡತಿ ಮೆಲ್ಲಗೆ ಕೇಳಿದರು: “ತೀರ್ಕೊಂಡ ನಮ್ಮವ್ವ ಹೇಳಿದ್ದ ಸೋಬಾನೆ ಪದಗಳ ರೆಕಾರ್ಡಿಂಗು ಅದರೊಳಗೇ ಇರೋದು. ಬೇರೆಲ್ಲೂ ಇಲ್ಲ. ಅವಕ್ಕೇನೂ ಆಗಿಲ್ಲ ತಾನೇ?” ಹಾಕಿ ಕೇಳಿಸಿದೆ. ಮುದುಕಿಯ ದನಿ ಗಟ್ಟಿಯಾಗಿತ್ತು. ಹೆಂಡತಿಯ ಕಣ್ಣು ತುಂಬಿತು. ಗಂಡ ಮಾತ್ರ ನನ್ನ ಸ್ಕ್ರೂಡ್ರೈವರ್‌ಗಳನ್ನು ಉದ್ದದ ಪ್ರಕಾರ ಸಾಲಾಗಿ ಜೋಡಿಸುತ್ತಿದ್ದರು.

ಡಬಲ್ ಸ್ಟಾಕು

ಕೆಲವು ತಿಂಗಳಾದ ಮೇಲೆ ಒಬ್ಬರೇ ಬಂದರು. ಮುಖ ಬಾಡಿತ್ತು.

“ಅತ್ತೆ ಪದದ ಫೋಲ್ಡರು ಎರಡು ಕಡೆ ಇತ್ತು ಕಣಪ್ಪ. ಡೆಸ್ಕ್‌ಟಾಪ್ ಮೇಲೆ ಒಂದು, ಒಳಗೊಂದು. ಡಬಲ್ ಸ್ಟಾಕ್ ಯಾಕೆ ಅಂತ ಒಳಗಿಂದು ತೆಗೆದೆ, ಕಸದ ಬುಟ್ಟೀನೂ ಖಾಲಿ ಮಾಡ್ಬುಟ್ಟೆ. ಈಗ ಮೇಲಿಂದು ಓಪನ್ನೇ ಆಗ್ತಿಲ್ಲ.”

ಡೆಸ್ಕ್‌ಟಾಪ್ ಮೇಲಿದ್ದದ್ದು ಬರೀ ಶಾರ್ಟ್‌ಕಟ್, ಅಂದರೆ ಮನೆಯ ವಿಳಾಸ ಬರೆದ ಚೀಟಿ. ಪುಣ್ಯಾತ್ಮ ಚೀಟಿ ಇಟ್ಟುಕೊಂಡು ಮನೆ ಕೆಡವಿದ್ದರು.

“ಹೆದರ್ಬೇಡಿ. ಅಳಿಸಿದ್ರೂ ಫೈಲು ತಕ್ಷಣ ಹೋಗಲ್ಲ. ಅದರ ಜಾಗದಲ್ಲಿ ಬೇರೇದು ಬಂದು ಕೂರೋವರೆಗೂ ಇರುತ್ತೆ. ಆಮೇಲೆ ಏನೂ ಮಾಡಿಲ್ಲ ತಾನೇ?”

“ಏನಿಲ್ಲ. ಚೂರೆಲ್ಲ ಒಟ್ಟಿಗೆ ಬಂದ್ರೆ ಪದಾನೂ ಬರ‍್ತದೆ ಅಂತ ಡಿಫ್ರಾಗ್ ಓಡಿಸಿದೆ. ಬೆಳಗ್ಗಿಂದ ಸಾಯಂಕಾಲದ ತನಕ!”

ನಾನು ತಲೆಯ ಮೇಲೆ ಕೈ ಹೊತ್ತು ಕೂತೆ. ಊರ ಫೈಲುಗಳನ್ನೆಲ್ಲ ಎತ್ತಿ ತಂದು ಅತ್ತೆಯ ಪದಗಳ ಮೇಲೇ ಕೂರಿಸಿದ್ದರು.

“ಅಂದ್ರೆ, ಏನೂ ಮಾಡದೆ ಸುಮ್ನೆ ಕೂತಿದ್ರೆ ಸಿಗ್ತಿತ್ತಾ?”

“ಸಿಗ್ತಿತ್ತು ಸಾರ್.”

ನನ್ನ ಮೇಜಿನ ಮೇಲಿದ್ದ ಸ್ಕ್ರೂಗಳನ್ನು ಸಾಲಾಗಿ ಜೋಡಿಸುತ್ತಾ ಅಂದರು: “ಸುಮ್ನೆ ಕೂತೇ ಗೊತ್ತಿಲ್ವಲ್ಲಪ್ಪ ನಂಗೆ.”

ಉಳಿದ ಚೂರು

ಇದ್ದಬದ್ದ ಸಾಫ್ಟ್‌ವೇರನ್ನೆಲ್ಲ ಹಾಕಿ ಜಾಲಾಡಿದೆ. ಒಂದೇ ಒಂದು ಚೂರು ಸಿಕ್ಕಿತು. ಕೇಳಲು ಇಬ್ಬರೂ ಬಂದರು. ಮನೆಯಲ್ಲಿ ಮಾತಿಲ್ಲವೆಂದು ಕೂತ ರೀತಿಯಲ್ಲೇ ತಿಳಿಯುತ್ತಿತ್ತು. ನಡುವೆ ಒಂದು ಕುರ್ಚಿ ಖಾಲಿ.

ಮುದುಕಿ “ಸೋಬಾನೆ...” ಅಂತ ರಾಗ ಎಳೆದರು. ಹಿಂದೆ ಎಲ್ಲೋ ಪಾತ್ರೆ ಸರಿಸುವ ಸದ್ದು. ರಾಗ ನಿಂತಿತು. ಆಮೇಲೆ ಗದರು ದನಿ:

“ಅಳಿಯಂದ್ರೇ, ಆ ಚೊಂಬು ಅಲ್ಲೇ ಇರ‍್ಲಿ ಬುಡಿ! ಇಟ್ಟಿದ್ದನ್ನ ಇಟ್ಟಂಗೆ ಇರಾಕೆ ಬುಡಾಕಿಲ್ವಲ್ಲ ನೀವು!”

ಅಷ್ಟೇ. ಚೂರು ಮುಗಿದಿತ್ತು.

ಅವರ ಹೆಂಡತಿ ಸೆರಗು ಬಾಯಿಗೊತ್ತಿಕೊಂಡರು. ಅಳುತ್ತಿದ್ದಾರೆ ಅಂದುಕೊಂಡೆ. ಅಳುತ್ತಲೇ ನಗುತ್ತಿದ್ದರು. “ನೋಡಿದ್ರಾ, ನಮ್ಮವ್ವ ಆಗ್ಲೇ ಹೇಳಿತ್ತು!” ಎಷ್ಟೋ ದಿನದ ಮೇಲೆ ಗಂಡನಿಗೆ ಆಡಿದ ಮೊದಲ ಮಾತು ಅದಿರಬೇಕು. ಆ ಪದಗಳಲ್ಲಿ ಒಂದಾದರೂ ಪೂರ್ತಿ ಉಳಿಯಬಾರದಿತ್ತೇ ಎಂದು ನನಗೆ ಇವತ್ತಿಗೂ ಅನ್ನಿಸುತ್ತದೆ.

ಆಕೆ ಕೇಳಿಕೊಂಡಂತೆ, ಕಂಪ್ಯೂಟರ್ ಆನ್ ಮಾಡಿದಾಗಲೆಲ್ಲ ಆ ಚೂರೇ ಮೊದಲು ಕೇಳಿಸುವ ಹಾಗೆ ಮಾಡಿಕೊಟ್ಟೆ. ಹೋದ ವಾರ ಅವರ ಮನೆಗೆ ಪ್ರಿಂಟರ್ ನೋಡಲು ಹೋಗಿದ್ದೆ. ಸ್ಟೋರ್ ಕೀಪರ್ ಸಾಹೇಬರು ಸ್ವಿಚ್ ಹಾಕಿದರು. ಅತ್ತೆ ಗದರಿದರು. ಸಾಹೇಬರು ಮೌಸಿನಿಂದ ಕೈ ತೆಗೆದು, ಎದ್ದು ನಿಂತು ಅಂದರು:

“ಆಯ್ತು ಅತ್ತೆ, ಮುಟ್ಟಲ್ಲ. ನೀವು ಪದ ಮುಂದುವರ‍್ಸಿ.”