ಇರುವೆ ಮನೆಯ ಬಾಡಿಗೆ ಜೇಡ

ಯಾರನ್ನೂ ಸುಲಭಕ್ಕೆ ಮೆಚ್ಚುವ ಸ್ವಭಾವ ನನ್ನದಲ್ಲ. ಅಂಥ ನಾನು ಒಂದು ಜೇಡಕ್ಕೆ ಶರಣಾಗಿದ್ದೇನೆ. ಜಮಖಂಡಿಯ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವಾಗ ಈ ಪಾಠ ಬಂದರೆ ಗಂಟೆ ಬಾರಿಸಿದ್ದೂ ನನಗೆ ತಿಳಿಯುವುದಿಲ್ಲ. ಕೆಲವು ಜೇಡಗಳು ಇರುವೆಗಳ ಗೂಡಿನೊಳಗೇ ಬಿಡಾರ ಹೂಡುತ್ತವೆ. ಇರುವೆ ನಂಬುವುದು ವಾಸನೆಯನ್ನು. ತಮ್ಮ ವಾಸನೆ ಇದ್ದವನು ತಮ್ಮವನು, ಇಲ್ಲದವನನ್ನು ಹರಿದು ಹಾಕುವುದೇ. ಈ ಜೇಡ ಇರುವೆಯ ಮರಿಗಳನ್ನೇ ತಿಂದು, ಅದೇ ವಾಸನೆ ಮೈಗೆ ಹತ್ತಿಸಿಕೊಂಡು, ಅಷ್ಟು ದವಡೆಗಳ ನಡುವೆ ಮನೆಯಳಿಯನ ಹಾಗೆ ಓಡಾಡಿಕೊಂಡಿರುತ್ತದೆ. ಅಬ್ಬಾ, ಎಂಥ ಗುಂಡಿಗೆ!

ನನ್ನ ಮೆಚ್ಚುಗೆಗೆ ಸ್ವಂತದ ಕಾರಣವೂ ಇತ್ತು. ತೇರದಾಳದಲ್ಲಿ ನನ್ನದು ಬಾಡಿಗೆ ಮನೆ. ಯಜಮಾನಿ ಪದ್ಮಕ್ಕನವರು ಜೈನರು. ದಿನಾ ಹೊತ್ತು ಮುಳುಗುವ ಮೊದಲು, ಹಿತ್ತಲ ಇರುವೆಗಳಿಗೆ ಸಕ್ಕರೆ ಬೆರೆಸಿದ ಹಿಟ್ಟು ಹಾಕಿದ ಮೇಲೆಯೇ ತಾವು ಉಣ್ಣುವವರು. ಅಂಥ ಗಾಳಿ, ಬೆಳಕು, ಸಿಹಿನೀರು ಇರುವ ಮನೆ ಮತ್ತೆ ಸಿಗುವುದಲ್ಲ. ಕೀಲಿಕೈ ಕೊಡುವಾಗ ಒಂದೇ ಮಾತು ಹೇಳಿದ್ದರು: "ಸರ, ಉಳ್ಳಾಗಡ್ಡಿ, ಬಳ್ಳೊಳ್ಳಿ ವಾಸನಿ ಮನ್ಯಾಗ ಬರಬಾರದ್ರಿ. ಬಂದ್ರ ಮನಿ ಬಿಡಬೇಕಾಗತೈತಿ." ನಾನೋ ಬೀಳಗಿಯವನು, ಹಸಿ ಈರುಳ್ಳಿ ಕಡಿಯದೆ ರೊಟ್ಟಿ ಗಂಟಲಿಗಿಳಿಯದು. ಬುಧವಾರಕ್ಕೊಮ್ಮೆ ಜಮಖಂಡಿಯ ಖಾನಾವಳಿಯಲ್ಲಿ ಆಸೆ ತೀರಿಸಿಕೊಂಡು ಬಸ್ ಹತ್ತುತ್ತಿದ್ದೆ. ಬಂದವನೇ ಪದ್ಮಕ್ಕನವರಿಂದ ಮಾರು ದೂರ ನಿಂತು, ಬಾಯಿಗೆ ಕೈ ಅಡ್ಡ ಹಿಡಿದು, "ಹಲ್ಲು ನೋವ್ರಿ ಅಕ್ಕಾರ, ಎರಡು ಲವಂಗ ಕೊಡ್ರಿ" ಎನ್ನುತ್ತಿದ್ದೆ. ಲವಂಗ ಕಡಿದ ಮೇಲೆಯೇ ಹೊಸ್ತಿಲು ದಾಟುವುದು. ಅವರದೇ ಡಬ್ಬಿ, ಅವರದೇ ಅಡುಗೆಮನೆಯ ವಾಸನೆ. ಜೇಡವೂ ಇದಕ್ಕಿಂತ ಹೆಚ್ಚೇನು ಮಾಡೀತು?

ಕಳೆದ ಬುಧವಾರ ಲವಂಗ ದವಡೆಗಿಟ್ಟುಕೊಂಡ ಹುಮ್ಮಸ್ಸಿನಲ್ಲಿ, ಇರುವೆಗಳಿಗೆ ಹಿಟ್ಟು ಹಾಕುತ್ತಿದ್ದ ಅವರಿಗೆ ಈ ಜೇಡದ ಕಥೆ ಹೇಳಿದೆ. ಗಲ್ಲಕ್ಕೆ ಕೈ ಹಚ್ಚಿ ಕೇಳಿದರು.

"ಅಯ್ಯ, ಅಷ್ಟು ಇರಿವ್ಯಾಗ ಒಂದಕ್ಕೂ ಗೊತ್ತಾಗೂದಿಲ್ಲೇನ್ರಿ?"

"ಒಂದಕ್ಕೂ ಇಲ್ರಿ!" ಎಂದೆ, ನನ್ನದೇ ಸಾಧನೆಯೆಂಬಂತೆ.

"ನನಗ ಗೊತ್ತಾಗತೈತ್ರಿ ಸರ. ಹಲ್ಲು ಬರೇ ಬುಧವಾರಕ್ಕ ಹ್ಯಾಂಗ ನೂಸತೈತಿ?"

"ಮನಿ ಖಾಲಿ ಮಾಡ್ಲೇನ್ರಿ ಅಕ್ಕಾರ?"

"ಯಾಕ್ರಿ? ವಾಸನಿ ಒಳಗ ಬಂದಿಲ್ಲ. ನಮ್ಮ ಮಾತಿಗೆ ಇಷ್ಟು ಅಂಜತೀರಲ್ಲ, ಸಾಕು. ಲವಂಗ ಅಷ್ಟ ನಿಮ್ಮವ ತರ್ರಿ."

ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಮರುದಿನ ತರಗತಿಯಲ್ಲಿ ಅದೇ ಪಾಠ. "ಇರುವೆಗಳಿಗೆ ಏನೂ ತಿಳಿಯುವುದಿಲ್ಲ" ಎಂದು ಹನ್ನೆರಡು ವರ್ಷದಿಂದ ಹೇಳಿಕೊಂಡು ಬಂದವನು, ಆ ಸಾಲಿಗೆ ಬಂದಾಗ ತಡವರಿಸಿದೆ. "ತಿಳಿದರೂ ಕೆಲವು ಇರುವೆಗಳು ಸುಮ್ಮನಿರಬಹುದು" ಎಂದುಬಿಟ್ಟೆ. ವಿದ್ಯಾರ್ಥಿಗಳೆಲ್ಲ ತಲೆ ತಗ್ಗಿಸಿ ಬರೆದುಕೊಂಡರು. ಪರೀಕ್ಷೆಯಲ್ಲಿ ಯಾರಾದರೂ ಅದನ್ನೇ ಬರೆದರೆ, ತಪ್ಪೆಂದು ಹೊಡೆದು ಹಾಕುವ ಮುಖ ನನಗಿಲ್ಲ.